ಬಂದೂಕಿನಂಗಡಿಯವನ ಗೋಳು

ಇಂಥವೆಲ್ಲ ನನ್ನ ಅಂಗಡಿಯಲ್ಲೇ ಯಾಕೆ ನಡೆಯುತ್ತವೆ ಅಂತ ಕೇಳೋದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ವಾರಕ್ಕೆ ಒಂದಾದರೂ ನಡೆಯದಿದ್ದರೆ, ಅಂಗಡಿ ಬಾಗಿಲು ತೆಗೆದಿದ್ದೀನೋ ಇಲ್ಲವೋ ಅಂತ ನನಗೇ ಅನುಮಾನ ಬರುತ್ತೆ.

ತುಮಕೂರಿನ ಶಿರಾ ಗೇಟ್ ಹತ್ತಿರ, ಒಂದು ಟೈರ್ ಅಂಗಡಿಗೂ ಒಂದು ಜೆರಾಕ್ಸ್ ಅಂಗಡಿಗೂ ನಡುವೆ ನಮ್ಮ ಬಂದೂಕಿನ ಅಂಗಡಿ. ಅಪ್ಪ ಇಟ್ಟದ್ದು, ಈಗ ನನ್ನ ಕುತ್ತಿಗೆಗೆ ಬಿದ್ದಿದೆ. ಮಾರಾಟ, ರಿಪೇರಿ, ಚುನಾವಣೆ ಬಂದರೆ ಜನರ ಬಂದೂಕು ಜಮಾ ಇಟ್ಟುಕೊಳ್ಳೋದು, ಇಷ್ಟೇ ಕೆಲಸ. ಗಿರಾಕಿಗಳಲ್ಲಿ ಹೆಚ್ಚಿನವರು ಗುಬ್ಬಿ, ಕುಣಿಗಲ್ ಕಡೆಯ ತೆಂಗಿನ ತೋಟದವರು. ಹಂದಿ ಕಾಟಕ್ಕೆ, ಬೆಳೆ ಕಾಯೋಕೆ ಅಂತ ಲೈಸೆನ್ಸ್ ತಗೊಂಡವರು. ಒಳ್ಳೇ ಜನ. ಆದರೆ ಬಂದೂಕು ಅಂದ ಕೂಡಲೇ ಒಬ್ಬೊಬ್ಬರ ತಲೆ ಒಂದೊಂದು ದಿಕ್ಕಿಗೆ ಓಡುತ್ತೆ. ಕೆಲವರಿಗೆ ಅದು ದೇವರು, ಕೆಲವರಿಗೆ ಒಡವೆ, ಇನ್ನು ಕೆಲವರಿಗೆ ದೆವ್ವ. "ಅಯ್ಯಾ, ಅದು ಮಚ್ಚು ಗುದ್ದಲಿ ಇದ್ದಂಗೆ ಒಂದು ಸಾಮಾನು, ಹತ್ತು ಪಟ್ಟು ಹುಷಾರಾಗಿರಬೇಕು, ಅಷ್ಟೇ" ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಶನಿವಾರದ ಗಿರಾಕಿ

ಗುಬ್ಬಿ ಕಡೆಯ ತೋಟದವರೊಬ್ಬರು ಹೆಂಡತಿ ಸಮೇತ ಬಂದರು. ಗೋಣಿಚೀಲದಲ್ಲಿ ಸುತ್ತಿದ್ದ ಜೋಡಿ ನಳಿಗೆಯ ಬಂದೂಕನ್ನು ಕೌಂಟರ್ ಮೇಲೆ ದಪ್ಪಂತ ಇಟ್ಟು, "ಕುದುರೆ ಬಿಗಿಯಾಗ್ಬಿಟ್ಟದೆ, ಎಳೆಯಾಕೆ ಆಗಾಕಿಲ್ಲ, ಸ್ವಲ್ಪ ನೋಡಿ ಸಾ" ಅಂದರು.

ರಿಪೇರಿಗೆ ಏನೇ ಬರಲಿ, ಮೊದಲು ನಾನು ಕೇಳೋದು ಒಂದೇ ಮಾತು. "ಗುಂಡು ಹಾಕಿದ್ದೀರೇನ್ರಿ?"

ಅವರು ಹೆಂಡತಿ ಮುಖ ನೋಡಿ ನಾಚಿಕೊಂಡರು. "ಛೆ ಛೆ, ಶನಿವಾರ ನಾನು ಮುಟ್ಟಾಕಿಲ್ಲ ಸಾ."

ಆಯಮ್ಮನೂ ಸಾಕ್ಷಿ ಹೇಳಿದರು. "ಬೆಳಗ್ಗಿಂದ ಜೊತೇಲೇ ಇವ್ನಿ ಕಣಪ್ಪ, ಇವತ್ತು ಹಾಕಿಲ್ಲ. ನೆನ್ನೆ ಹಾಕಿದ್ರು."

ನಾನು ಬಂದೂಕು ಕೈಗೆ ತಗೊಂಡೆ. "ನೆನ್ನೆ ಹಾಕಿದ್ದನ್ನ ತೆಗೆದ್ರೋ ಇಲ್ವೋ?"

"ಹಾಕಿದ್ಮೇಲೆ ತೆಗಿಯೋದು ಹೆಂಗೆ ಸಾ?"

ನಳಿಗೆಯನ್ನು ಗೋಡೆ ಕಡೆಗೆ ತಿರುಗಿಸಿ ಬಂದೂಕನ್ನು ನಡುವೆ ಮಡಚಿ ತೆರೆದು ನೋಡಿದೆ. ಎರಡೂ ನಳಿಗೆಯಲ್ಲಿ ಒಂದೊಂದು ಕಾರ್ಟ್ರಿಡ್ಜು ಹಾಯಾಗಿ ಕೂತಿದೆ. ಈಚೆ ತೆಗೆದು ಅವರ ಮುಂದೆ ಇಟ್ಟು, "ಸ್ವಾಮಿ, ನಾನು ಕೇಳಿದ್ದು ಈ ಗುಂಡು!" ಅಂದೆ.

ಅವರು ಬಗ್ಗಿ ನೋಡಿ ಸಮಾಧಾನದ ಉಸಿರು ಬಿಟ್ಟರು. "ಓ, ಇದಾ! ಇದು ಯಾವಾಗ್ಲೂ ಹಾಕೇ ಇರ್ತೀವಿ ಬುಡಿ."

ಆಯಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಗುಬ್ಬಿಯಿಂದ ಇಲ್ಲೀಗಂಟ ಅದನ್ನ ನನ್ನ ತೊಡೆ ಮೇಲೆ ಮಲಗಿಸಿದ್ರಲ್ಲ!"

ಆಮೇಲೆ ಅಂಗಡಿಯಲ್ಲಿ ಕಾಲು ಗಂಟೆ ನಡೆದ ಮಂಗಳಾರತಿ ಬರೆಯುವಂಥದ್ದಲ್ಲ. ವಾಪಸ್ ಊರಿಗೆ ಆಯಮ್ಮ ಬೇರೆ ಬಸ್ಸಲ್ಲಿ ಹೋದರು.

ಒಳಗಿನ ಪೂಜೆ

ಆಯುಧಪೂಜೆ ಕಳೆದ ನಾಲ್ಕನೇ ದಿನ ಕುಣಿಗಲ್ ಕಡೆಯವರೊಬ್ಬರು ಬಂದರು. "ರಾಗಿ ಹೊಲಕ್ಕೆ ಹಂದಿ ನುಗ್ತಾ ಇವೆ. ನಾಳೆ ಕಾಯೋಕೆ ಹೋಗ್ಬೇಕು, ಒಂಚೂರು ಎಣ್ಣೆ ಬಿಟ್ಟು ಕೊಡಿ."

ಬಂದೂಕಿಗೆ ವಿಭೂತಿ, ಕುಂಕುಮ, ಹೂವಿನ ಹಾರ ಎಲ್ಲ ಆಗಿತ್ತು. ಅದು ಸರಿ, ನಮ್ಮಂಗಡಿಯಲ್ಲೂ ಮಾಡುತ್ತೇವೆ. ನಳಿಗೆಯೊಳಗೆ ಇಣುಕಿದೆ. ಆ ಕಡೆಯ ಬೆಳಕೇ ಕಾಣಲಿಲ್ಲ. ಕ್ಲೀನ್ ಮಾಡೋ ಸರಳು ಹಾಕಿ ತಳ್ಳಿದೆ. ಮೊದಲು ಒಂದು ಮುದ್ದೆ ಅರಿಶಿನ ಬಂತು. ಆಮೇಲೆ ಅಕ್ಷತೆ. ಆಮೇಲೆ ಬಾಡಿದ ಚೆಂಡು ಹೂವು, ಒಂದರ ಹಿಂದೆ ಒಂದು, ಕೌಂಟರ್ ಮೇಲೆ ಸಣ್ಣ ಗುಡ್ಡೆಯೇ ಆಯಿತು.

"ಏನ್ರೀ ಇದು?"

"ಪೂಜೆ ಹೂವು ಕಾಲಿಗೆ ಸಿಗಬಾರ್ದಲ್ಲ ಸಾರ್, ಅದಕ್ಕೆ ಒಳಕ್ಕೆ ತಳ್ಳಿದ್ವಿ."

ನಳಿಗೆ ಕಟ್ಟಿಕೊಂಡಿರುವಾಗ ಹೊಡೆದರೆ ನಳಿಗೆಯೇ ಸಿಡಿಯುತ್ತೆ, ಕೈ ಹೋಗುತ್ತೆ, ಕಣ್ಣು ಹೋಗುತ್ತೆ, ಹಂದಿ ಮಾತ್ರ ಆರಾಮಾಗಿ ರಾಗಿ ತಿಂದುಕೊಂಡು ಹೋಗುತ್ತೆ ಅಂತ ಕೂಗಾಡಿದೆ. ಅವರು ಕೊನೆಯವರೆಗೂ ಶಾಂತವಾಗಿ ಕೇಳಿದರು. ಕೈ ಮುಗಿದು, ಹೂವಿನ ಗುಡ್ಡೆಯನ್ನು ಕಣ್ಣಿಗೆ ಒತ್ತಿಕೊಂಡರು.

"ನೋಡಿದ್ರಾ ಸಾರ್, ಪೂಜೆ ಮಾಡಿದ್ದಕ್ಕೇ ನಾನು ಹೊಡಿಯೋಕೆ ಮುಂಚೆ ನಿಮ್ಮ ಹತ್ರ ಬರೋ ಬುದ್ಧಿ ಬಂತು."

ಬಾಡಿಗೆ

ಮದುವೆಗೆ ಮುಂಚೆ ಫೋಟೋ ತೆಗೆಸೋ ಜೋಡಿ. ಜೊತೆಗೆ ಕ್ಯಾಮೆರಾದವನು. ಮಾರ್ಕೋನಹಳ್ಳಿ ಡ್ಯಾಮ್ ಹತ್ತಿರ ಫೋಟೋ ತೆಗೆಸ್ತಾರಂತೆ, ಒಂದು ಬಂದೂಕು ಬಾಡಿಗೆಗೆ ಬೇಕಂತೆ.

"ಇದು ಶಾಮಿಯಾನ ಅಲ್ಲಪ್ಪ, ಬಾಡಿಗೆಗೆ ಕೊಡೋ ಹಂಗಿಲ್ಲ. ಲೈಸೆನ್ಸ್ ಇಲ್ದೆ ಮುಟ್ಟಿದ್ರೆ ಮದುವೆ ದಿನ ನೀನು ಜೈಲಲ್ಲಿ ಇರ್ತೀಯ."

"ಹೊಡಿಯಲ್ಲ ಅಂಕಲ್. ಸುಮ್ನೆ ಹಿಡ್ಕೊಂಡು ನಿಲ್ಲೋದು."

ಆಗಲ್ಲ ಅಂದರೆ ಆಗಲ್ಲ ಅಂದೆ. ಮೂವರೂ ಪಕ್ಕಕ್ಕೆ ಹೋಗಿ ಗುಸುಗುಸು ಮಾತಾಡಿದರು. ಹುಡುಗಿ ನನ್ನ ಮೀಸೆ ನೋಡಿ ಏನೋ ಹೇಳಿದಳು. ಕ್ಯಾಮೆರಾದವನು ವಾಪಸ್ ಬಂದ.

"ಬಂದೂಕು ಬೇಡ ಬಿಡಿ ಅಂಕಲ್. ನೀವು ಎಷ್ಟಕ್ಕೆ ಬರ್ತೀರ?"

ಬೆದರಿಕೆ ಯಾರಿಂದ?

ತುಮಕೂರಲ್ಲೇ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದವರು, ಒಳ್ಳೇ ಸಂಬಳದ ನೌಕರಿ. ಅವರಿಗೆ ಪಿಸ್ತೂಲೇ ಬೇಕು. ಅರ್ಜಿ ತಂದು ನನ್ನ ಮುಂದೆ ಇಟ್ಟು, "ಹೆಂಗೆ ತುಂಬಬೇಕು ಹೇಳಿ" ಅಂದರು.

"ಯಾಕೆ ಬೇಕು ಅಂತ ಕಾರಣ ಬರೀಬೇಕು. ಜೀವಕ್ಕೆ ಬೆದರಿಕೆ ಇದೆಯಾ?"

"ಇಲ್ಲ."

"ಕಳ್ಳರ ಕಾಟ?"

"ಇಲ್ಲಪ್ಪ, ಎರಡು ನಾಯಿ ಸಾಕಿದ್ದೀನಿ."

"ಮತ್ತೆ?"

ಅವರು ದನಿ ತಗ್ಗಿಸಿದರು. "ನಮ್ಮ ಬೀಗರ ಹತ್ರ ಇದೆ. ಊಟಕ್ಕೆ ಕೂತಾಗ ಸೊಂಟದಿಂದ ತೆಗೆದು ಎಲೆ ಪಕ್ಕ ಇಡ್ತಾರೆ. ನಾನು ಮೊಬೈಲ್ ಇಡಬೇಕು."

ಎಲೆ ಪಕ್ಕ ಇಡೋಕೆ ಉಪ್ಪಿನಕಾಯಿ ಸಾಕು ಸ್ವಾಮಿ ಅಂತ ಹೇಳಿ ನೋಡಿದೆ. ಪಿಸ್ತೂಲು ತೋರಿಸಿಕೊಂಡು ತಿರುಗೋರ ಲೈಸೆನ್ಸ್ ಹೋದದ್ದನ್ನೂ ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. 'ಜೀವಭಯ' ಅಂತ ಬರೆದು ಅರ್ಜಿ ಹಾಕಿಯೇಬಿಟ್ಟರು.

ಎರಡು ತಿಂಗಳಾದ ಮೇಲೆ ಸಪ್ಪೆ ಮುಖ ಹಾಕಿಕೊಂಡು ಅಂಗಡಿಗೆ ಬಂದರು. ವಿಚಾರಣೆಗೆ ಪೊಲೀಸಿನವರು ಮನೆಗೆ ಬಂದಾಗ ಇವರು ಆಫೀಸಲ್ಲಿದ್ದರಂತೆ, ಹೆಂಡತಿ ಇದ್ದರಂತೆ. "ಏನಮ್ಮ, ನಿಮ್ಮ ಯಜಮಾನರಿಗೆ ಜೀವಬೆದರಿಕೆ ಇರೋದು ನಿಜವಾ?" ಅಂತ ಕೇಳಿದ್ದಾರೆ.

"ಅದಕ್ಕೆ ಅವಳು ಏನಂದ್ಲು ಗೊತ್ತಾ?" ಅಂದರು ಇವರು, ಅಳೋದೊಂದು ಬಾಕಿ. "'ಸದ್ಯಕ್ಕೆ ಇಲ್ಲ ಸಾರ್. ಪಿಸ್ತೂಲು ಮನೆಗೆ ಬಂದ ದಿನದಿಂದ ನನ್ನ ಕಡೆಯಿಂದ ಇರುತ್ತೆ, ಬರ್ಕೊಳ್ಳಿ' ಅಂದ್ಲು."

ಎರಡು ಬೀಗದ ಕೈ

ಎಲ್ಲರೂ ಹೀಗೇ ಅಂದುಕೊಳ್ಳಬೇಡಿ. ಗುಬ್ಬಿ ತಾಲ್ಲೂಕಿನ ಒಬ್ಬ ಯಜಮಾನರನ್ನು ನಾನು ಎಲ್ಲರಿಗೂ ಉದಾಹರಣೆ ಕೊಡುತ್ತೇನೆ. ಹೇಗಿಡಬೇಕು ಅಂತ ಒಂದು ಸಲ ನನ್ನನ್ನು ಕೇಳಿದ್ದರು. ಬಂದೂಕು ಒಂದು ಕಡೆ ಬೀಗ ಹಾಕಿಡಿ, ಕಾರ್ಟ್ರಿಡ್ಜು ಇನ್ನೊಂದು ಕಡೆ ಬೀಗ ಹಾಕಿಡಿ ಅಂದಿದ್ದೆ. ಜೀವಮಾನದಲ್ಲಿ ನನ್ನ ಮಾತು ಕೇಳಿದ ಗಿರಾಕಿ ಅವರೊಬ್ಬರೇ.

ಮೊನ್ನೆ ಲೈಸೆನ್ಸ್ ರಿನ್ಯೂವಲ್ ವಿಷಯಕ್ಕೆ ಬಂದಿದ್ದರು. ಬಂದೂಕು ನೋಡಿದೆ, ಹೊಸದರ ಹಾಗೆ ಫಳಫಳ ಅಂತಿದೆ. ಹಳೇ ಕಾರ್ಟ್ರಿಡ್ಜು ಡಬ್ಬಿಯೇ ಇನ್ನೂ ಒಡೆದಿಲ್ಲವಂತೆ.

"ಏನ್ ಯಜಮಾನ್ರೇ, ನಿಮ್ಮ ಕಡೆ ಹಂದಿ ಕಾಟ ನಿಂತೋಯ್ತಾ?"

"ಎಲ್ಲಿ ನಿಂತದೆ? ಎಳೇ ತೆಂಗಿನ ಸಸಿ ಒಂದೂ ಉಳಿಸಿಲ್ಲ."

"ಮತ್ತೆ ಒಂದು ಸಲ ಹೆದರಿಸೋಕೂ ಹೊಡೆದಿಲ್ವಲ್ಲ?"

ಅವರು ನಿಧಾನವಾಗಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. "ನೀವು ಹೇಳಿದಂಗೇ ಮಾಡಿವ್ನಿ. ಬಂದೂಕ ಬೀರುವಿನಲ್ಲಿ ಅದೆ, ಅದರ ಬೀಗದ ಕೈ ನಮ್ಮವ್ವನ ಹತ್ರ. ಕಾರ್ಟ್ರಿಡ್ಜು ಟ್ರಂಕಲ್ಲಿ ಅದೆ, ಅದರ ಕೈ ನಮ್ಮನೆಯವಳ ಹತ್ರ."

"ಬಹಳ ಒಳ್ಳೇದು. ಅದಕ್ಕೂ ಹೊಡೀದಿರೋದಕ್ಕೂ ಏನು ಸಂಬಂಧ?"

"ಒಬ್ಬರು ಕೊಟ್ಟ ದಿನ ಇನ್ನೊಬ್ಬರು ಕೊಡಾಕಿಲ್ಲ. ಅವರಿಬ್ಬರೂ ಮಾತು ಬಿಟ್ಟು ಮೂರು ವರ್ಷ ಆಯ್ತು ಕಣಪ್ಪ."

ಮುನ್ನೆಚ್ಚರಿಕೆ ಭಾಷಣ

ಇದನ್ನು ಹೇಳಬಾರದು ಅಂತಿದ್ದೆ, ಯಾಕೆಂದರೆ ಇದರಲ್ಲಿ ಮಾನ ಹೋದದ್ದು ನನ್ನದೇ.

ಕುಣಿಗಲ್ ತಾಲ್ಲೂಕಿನ ಒಂದು ಊರಿನಲ್ಲಿ ಲೈಸೆನ್ಸ್ ಇರೋ ರೈತರನ್ನೆಲ್ಲ ಸೇರಿಸಿ, ಬಂದೂಕು ಹೇಗೆ ಜೋಪಾನ ಮಾಡಬೇಕು ಅಂತ ನನ್ನನ್ನು ಭಾಷಣಕ್ಕೆ ಕರೆದರು. ನನಗೆ ಬಹಳ ಖುಷಿ. ಅಂಗಡಿಗೆ ಬಂದವರಿಗೆ ಒಬ್ಬೊಬ್ಬರಿಗೇ ಬಯ್ಯೋ ಬದಲು ನಲವತ್ತು ಜನಕ್ಕೆ ಒಟ್ಟಿಗೆ ಬಯ್ಯಬಹುದಲ್ಲ! ನನ್ನ ಲೈಸೆನ್ಸಿನದೇ ಹಳೇ ಬಂದೂಕು ತಗೊಂಡು, ಮನೆಯಲ್ಲೇ ಎರಡು ಸಲ ಖಾಲಿ ಅಂತ ನೋಡಿಕೊಂಡು ಹೋದೆ.

ವೇದಿಕೆ ಮೇಲೆ ಒಂದು ಉದ್ದ ಮೇಜು. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಸಭೆಯ ಅಧ್ಯಕ್ಷರು. ಬಂದೂಕನ್ನು ಮೇಜಿನ ಮೇಲಿಟ್ಟು ಶುರು ಮಾಡಿದೆ.

"ಬಂದೂಕಿನ ಬಾಯಿ ಯಾವತ್ತೂ ಮನುಷ್ಯನ ಕಡೆ ಇರಬಾರದು. ಖಾಲಿ ಇದ್ರೂ ಇರಬಾರದು. ಅನಾಹುತ ಆದ ಮನೆಗೆ ಹೋಗಿ ಕೇಳಿ, ಎಲ್ಲರೂ ಹೇಳೋದು ಒಂದೇ ಮಾತು, 'ಖಾಲಿ ಇದೆ ಅಂದ್ಕೊಂಡಿದ್ದೆ' ಅಂತ!"

ಚಪ್ಪಾಳೆ ಬಿತ್ತು. ನನಗೆ ಹುರುಪು ಏರಿತು. ಬಂದೂಕು ಎತ್ತಿ ಭಾಗಗಳನ್ನು ತೋರಿಸಿದೆ, ಮತ್ತೆ ಮೇಜಿನ ಮೇಲಿಟ್ಟೆ. ಅಧ್ಯಕ್ಷರು ಕುರ್ಚಿಯನ್ನು ಸ್ವಲ್ಪ ಎಡಕ್ಕೆ ಎಳೆದುಕೊಂಡರು. ಬಿಸಿಲು ಬೀಳುತ್ತಿರಬೇಕು ಅಂದುಕೊಂಡೆ. ಇನ್ನೊಂದು ಸಲ ಎತ್ತಿ ಇಟ್ಟೆ. ಅವರು ಬಲಕ್ಕೆ ಎಳೆದುಕೊಂಡರು. ಹೀಗೇ ಮುಕ್ಕಾಲು ಗಂಟೆ. ಕೊನೆಕೊನೆಗೆ ಅವರ ತಲೆ ಮಾತ್ರ ಮೇಜಿನ ಮೇಲೆ ಕಾಣುತ್ತಿತ್ತು.

"ಯಾರಿಗಾದರೂ ಏನಾದರೂ ಕೇಳೋದಿದ್ರೆ ಕೇಳಿ" ಅಂದೆ.

ಮುಂದಿನ ಸಾಲಿನಲ್ಲಿದ್ದ ಅಜ್ಜ ಒಬ್ಬರು ಎದ್ದು ನಿಂತರು. "ನಿಮ್ಮ ಬಂದೂಕದ ಬಾಯಿ ಆಗಿಂದ ನಮ್ಮ ಅಧ್ಯಕ್ಷರ ಎದೆ ಕಡೆಗೇ ಅದೆಯಲ್ಲ ಸ್ವಾಮಿ?"

ತಿರುಗಿ ನೋಡಿದೆ. ನಿಜ. ನನ್ನ ಬಾಯಿಂದ ತಾನಾಗೇ ಬಂದುಬಿಟ್ಟಿತು: "ಅದು ಖಾಲಿ ಇದೆ ಅಜ್ಜ!"

ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಲೆ ಸೂರು, ಕೆಳಗೆ ನೆಲ, ನಾನು ಎಲ್ಲಿ ಅಡಗಲಿ? ಬಂದೂಕನ್ನು ಚೀಲಕ್ಕೆ ಹಾಕಿ ಕೂತುಬಿಟ್ಟೆ. ಮುಖ್ಯವಾದ ಅಧ್ಯಕ್ಷರ ಭಾಷಣ ಇನ್ನೂ ಬಾಕಿ ಇತ್ತು. ಅವರು ಬೆವರು ಒರೆಸಿಕೊಂಡು ಎದ್ದು, "ಎಲ್ಲರೂ ಹುಷಾರಾಗಿರಿ. ನಮಸ್ಕಾರ" ಅಂದು ಕೂತರು.

ವಂದನಾರ್ಪಣೆ ಮಾಡಿದವರು ನನ್ನ ಕೈಗೆ ಒಂದು ಎಳನೀರು ಕೊಟ್ಟು, ಮೈಕಿನಲ್ಲೇ ಹೇಳಿದರು:

"ನಮ್ಮ ಅಧ್ಯಕ್ಷರ ಭಾಷಣ ಒಂದು ನಿಮಿಷಕ್ಕೆ ಮುಗಿದದ್ದನ್ನ ಈ ಊರು ಇವತ್ತೇ ನೋಡಿದ್ದು. ಇವರನ್ನ ಎಲ್ಲಾ ಸಭೆಗೂ ಕರೆಸಬೇಕು ಅಂತ ಎಲ್ಲರ ಪರವಾಗಿ ಕೇಳ್ಕೋತೀನಿ. ಸಾರ್, ನೀವು ಭಾಷಣ ಮಾಡ್ದೆ ಇದ್ರೂ ಪರವಾಗಿಲ್ಲ, ಬಂದೂಕ ಮಾತ್ರ ತನ್ನಿ!"