ಗಾರೆ ಹಾಕಿದ ದಿನ

ಹಳೆಯ ಮನೆಯ ಯಜಮಾನನಾದವನು ನಗುವುದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ನಗುವ ಸಂಗತಿಗಳೇ ಬಾಗಿಲು ತಟ್ಟಿಕೊಂಡು ಬರುತ್ತವೆ. ಕೆಲವು ತಟ್ಟದೆಯೂ ಬರುತ್ತವೆ.

ಆಂಧ್ರಕ್ಕೆ ಸೇರಿದ ರಾಯದುರ್ಗದ ಕೋಟೆಬೆಟ್ಟದ ಬುಡದಲ್ಲಿ ನಮ್ಮ ಮನೆ. ಅಜ್ಜನ ಅಜ್ಜ ಕಟ್ಟಿಸಿದ್ದು. ಮೊಳ ದಪ್ಪದ ಕಲ್ಲುಗೋಡೆ, ತೇಗದ ಕಂಬಗಳು, ಮೇಲೆ ಸುಣ್ಣದ ಗಾರೆ ಹಾಕಿದ ಮಾಳಿಗೆ. ನಾನು ಬಜಾರಿನಲ್ಲಿ ಜೀನ್ಸ್ ಹೊಲಿಯುವವರಿಗೆ ಗುಂಡಿ, ಜಿಪ್ಪು, ದಾರ ಮಾರುತ್ತೇನೆ. ಉಳಿದ ಹೊತ್ತು ಪಡಸಾಲೆಯಲ್ಲಿ ಕೂತು ಓದುತ್ತೇನೆ. ಮಾತು ಕಮ್ಮಿ. ಒಮ್ಮೆ ಹೆಚ್ಚು ಮಾತಾಡಿ ಎಡವಟ್ಟಾಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ನೋಡಲು ಬಂದವರು

ಒಂದು ಭಾನುವಾರ ಕೋಟೆ ನೋಡಿ ಇಳಿದು ಬಂದ ಸಂಸಾರವೊಂದು ನೆಟ್ಟಗೆ ನಮ್ಮ ಪಡಸಾಲೆಗೆ ಬಂತು. ಕಂಬ ಮುಟ್ಟಿ ನೋಡಿದರು, ಫೋಟೋ ತೆಗೆದುಕೊಂಡರು. ಆಮೇಲೆ ಹಿರಿಯರೊಬ್ಬರು ನನ್ನ ಹತ್ತಿರ ಬಂದು ಕೇಳಿದರು:

“ಟಿಕೆಟ್ ಎಷ್ಟ್ರಿ?”

“ಟಿಕೆಟ್ ಇಲ್ಲ.”

“ಒಳಗ ನೋಡಾಕ ಏನೈತ್ರಿ?”

“ನಾವಿದ್ದೀವಿ.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮನೆಯವರ ಕಡೆ ತಿರುಗಿ, “ಬರ್ರಿ ಹೋಗೂಣು, ಒಳಗ ಏನೂ ಇಲ್ಲಂತ” ಅಂದರು.

ಮೂರು ಮೊಳೆ

ಹೋದ ಬೇಸಿಗೆಯಲ್ಲಿ ಮುನಿಸಿಪಾಲಿಟಿಯಿಂದ ನೋಟೀಸು ಬಂತು. ಕಟ್ಟಡ ಶಿಥಿಲವಾಗಿದೆ, ಮಳೆಗಾಲದೊಳಗೆ ರಿಪೇರಿ ಮಾಡಿಸಿ ಇಂಜಿನಿಯರಿಗೆ ತೋರಿಸಬೇಕು, ಇಲ್ಲವಾದರೆ ಕೆಡವಿಸಲಾಗುವುದು ಎಂದಿತ್ತು. ಮಾಳಿಗೆಯ ಒಂದು ಮೂಲೆ ಸೋರುತ್ತಿದ್ದದ್ದು ನಿಜ. ಆದರೆ ಅಷ್ಟಕ್ಕೆ ಮನೆಯನ್ನೇ ಕೆಡವುವುದೇ? ಒಂದು ವಾರ ಯಾವ ಪುಸ್ತಕ ಹಿಡಿದರೂ ಓದು ಮುಂದೆ ಹೋಗಲಿಲ್ಲ.

ನೋಟೀಸು ತಂದ ಜವಾನ ಅದನ್ನು ಗೋಡೆಗೆ ಹೊಡೆಯಬೇಕೆಂದು ಮೊಳೆ, ಸುತ್ತಿಗೆ ತಂದಿದ್ದ. ಮೊದಲನೇ ಮೊಳೆ ಬಾಗಿತು. ಎರಡನೆಯದು ಸಿಡಿದು ಚರಂಡಿಗೆ ಬಿತ್ತು. ಮೂರನೆಯದಕ್ಕೆ ಅವನ ಹೆಬ್ಬೆರಳೇ ಜಜ್ಜಿತು. ಬೆರಳು ಬಾಯಲ್ಲಿಟ್ಟುಕೊಂಡು ನೋಟೀಸನ್ನು ನನ್ನ ಕೈಗೆ ಕೊಟ್ಟ.

“ಗ್ವಾಡಿ ಬೀಳ್ತೈತಂತ ಬರದಾರ್ರಿ. ಒಂದ್ ಮೊಳಿ ಹೋಗವಲ್ದು. ನೀವಾ ಹಿಡ್ಕೊಳ್ರಿ ಇದನ್ನ.”

ಮನೆಗೆ ಬೇಕಾದ ಬೆಲ್ಲ

ಕೇಳಿದ ಮೇಸ್ತ್ರಿಗಳೆಲ್ಲ “ಮ್ಯಾಲೊಂದು ಸಿಮೆಂಟ್ ಹೊಡದು ಬಿಡ್ತೀವ್ರಿ” ಅನ್ನುವವರೇ. ಸುಣ್ಣದ ಮೇಲೆ ಸಿಮೆಂಟು ಹಾಕಿದರೆ ಎರಡೂ ಕೆಡುತ್ತವೆ ಎಂದು ನಾನು ಓದಿದ್ದೆ. ಕೊನೆಗೆ ಕಣೇಕಲ್ಲಿನಲ್ಲಿ ಹಳೇ ಕಾಲದ ಗಾರೆ ಕೆಲಸ ಬಲ್ಲ ಒಬ್ಬ ಮುದುಕ ಮೇಸ್ತ್ರಿ ಸಿಕ್ಕರು. ಗಾರೆಗೆ ಬೆರೆಸಲು ಅವರು ಹೇಳಿದ ಸಾಮಾನಿನ ಪಟ್ಟಿ ಹಿಡಿದು ಕಿರಾಣಿ ಅಂಗಡಿಗೆ ಹೋದೆ: ಬೆಲ್ಲ, ಅಳಲೆಕಾಯಿ, ಉದ್ದಿನ ಬೇಳೆ.

“ಇಷ್ಟು ಬ್ಯಾಳಿ, ಬೆಲ್ಲ! ಮನ್ಯಾಗ ಲಗ್ನ ಏನ್ರಿ?” ಅಂದ ಅಂಗಡಿಯವನು.

“ಇಲ್ಲ, ಮಾಳಿಗೆಗೆ.”

ಅವನು ತೂಗಿ ಕಟ್ಟಿಕೊಟ್ಟ. ನಾನು ಬರುವಾಗ ಪಕ್ಕದವನಿಗೆ, “ಭಾಳ ಓದ್ತಾರ ಪಾಪ” ಅಂದದ್ದು ಕೇಳಿಸಿತು.

ಮೇಸ್ತ್ರಿ ಬೆಲ್ಲದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಚಪ್ಪರಿಸಿದರು. ತಲೆ ಅಲ್ಲಾಡಿಸಿದರು.

“ಇದು ಮನಷ್ಯಾರು ತಿನ್ನೋ ಬೆಲ್ಲ ಐತ್ರಿ. ಮನೀಗಿ ಒಳ್ಳೇದು ತರ್ರಿ.”

ಗಾರೆ

ಸೋರುವ ಮೂಲೆಗೆ ಮೊದಲು ಗಾರೆ ಬಿತ್ತು. ಕೂಲಿ ಹೆಂಗಸರು ಸಾಲಾಗಿ ಕೂತು ಮರದ ಪಟ್ಟಿಗಳಿಂದ ಬಡಿದರು. ಅದು ಒಣಗಿ ಕಲ್ಲಾಯಿತು. ಉಳಿದ ಭಾಗಕ್ಕೆ ಶುಕ್ರವಾರ ಹಾಕುವುದೆಂದು ಗೊತ್ತಾದ ಮೇಲೆ, ಕೆಲಸ ಕಣ್ಣಾರೆ ನೋಡಲಿ ಎಂದು ಇಂಜಿನಿಯರಿಗೆ ಫೋನು ಮಾಡಿದೆ. ಅವರು ಕರಾವಳಿ ಆಂಧ್ರದ ಕಡೆಯವರು, ಹೊಸದಾಗಿ ಬಂದವರು, ಕನ್ನಡ ಬಾರದು. ನನ್ನದು ಅಂಗಡಿಯ ತೆಲುಗು.

“ಸಾರ್, ಶುಕ್ರವಾರಂ ಮಾ ಇಂಟ್ಲೋ ಗಾರೆ ವೇಸ್ತುನ್ನಾಂ. ಮೀರು ತಪ್ಪಕುಂಡಾ ರಾವಾಲಿ.” ನಮ್ಮ ಮನೆಯಲ್ಲಿ ಗಾರೆ ಹಾಕುತ್ತೇವೆ, ತಪ್ಪದೆ ಬನ್ನಿ ಎಂದೆ.

ಅತ್ತ ಕಡೆಯಿಂದ ಸಂತೋಷದ ಉಸಿರು ಕೇಳಿಸಿತು. ನಿಮಗೇಕೆ ಶ್ರಮ ಅಂದರು. ಶ್ರಮವೇನು ಬಂತು, ಇದರ ಮೇಲೆಯೇ ಮನೆ ನಿಂತಿದೆ ಅಂದೆ. ಜೊತೆಗೆ ಆಫೀಸಿನ ಇಬ್ಬರನ್ನು ಕರೆತರಬಹುದೇ ಅಂದರು. ನೋಡುವ ಕಣ್ಣು ಹೆಚ್ಚಾದಷ್ಟೂ ಒಳ್ಳೆಯದೆಂದು, ಬರಲಿ ಅಂದೆ. ಇಷ್ಟು ಮಾತಾಡಿದ ಉತ್ಸಾಹದಲ್ಲಿ ಇನ್ನೊಂದು ಮಾತನ್ನೂ ಸೇರಿಸಿದೆ: ಎರಡು ಅಂಗುಲ ದಪ್ಪ ಹಾಕಿಸುತ್ತೇನೆ, ಬಹಳ ಗಟ್ಟಿ ಇರುತ್ತದೆ. ಅವರು ಹೊಟ್ಟೆ ತುಂಬ ನಕ್ಕರು. ಹಸನ್ಮುಖಿ ಮನುಷ್ಯ, ಮನೆ ಉಳಿದೀತು ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಮೂವರೂ ಬಂದರು. ಚಪ್ಪಲಿ ಬಿಟ್ಟರು. ಅಂಗಳದ ನಲ್ಲಿಯಲ್ಲಿ ಕೈ ತೊಳೆದರು. ಪಡಸಾಲೆಯಲ್ಲಿ ಚಕ್ಕಳಬಕ್ಕಳ ಹಾಕಿ ಸಾಲಾಗಿ ಕೂತರು. ಹಳೆಯ ಮನೆಗೆ ಇಷ್ಟೊಂದು ಗೌರವ ಕೊಡುವ ಅಧಿಕಾರಿಗಳನ್ನು ನಾನು ಕಂಡಿರಲಿಲ್ಲ. ಮೇಲಿನಿಂದ ಬಡಿಯುವ ಸದ್ದು ದಪದಪ ಬರುತ್ತಿತ್ತು. “ಪಿಂಡಿ ದಂಚುತುನ್ನಾರಾ?” ಅಂದರು ಇಂಜಿನಿಯರು. ಹಿಟ್ಟು ಕುಟ್ಟುತ್ತಿದ್ದಾರಾ ಎಂದು. ತಮಾಷೆಗೆ ಅಂದರೆಂದು ನಾನೂ ನಕ್ಕೆ.

ಅಷ್ಟರಲ್ಲಿ ಮೇಸ್ತ್ರಿ ಮೆಟ್ಟಿಲಿಳಿದು ಬಂದರು. ಮೊಣಕೈವರೆಗೆ ಬೆಳ್ಳಗಾಗಿತ್ತು. ಅಂಗೈಯಲ್ಲಿ ಬೆಣ್ಣೆಯಂಥ ಒಂದು ಉಂಡೆ. “ಗಾರೆ ನೋಡ್ರಿ ಸಾಹೇಬ್ರ, ಹೆಂಗ ಐತಿ!”

ಇಂಜಿನಿಯರು ಬಗ್ಗಿ ಮೂಸಿದರು. ಬೆಲ್ಲದ ವಾಸನೆ ಬಂದಿರಬೇಕು. ಬೆರಳಲ್ಲಿ ಒಂದಿಷ್ಟು ತೆಗೆದು ಬಾಯಿಯ ಹತ್ತಿರ ಒಯ್ದರು.

“ತಿನ್ನಬ್ಯಾಡ್ರಿ, ಸುಣ್ಣ ಐತ್ರೀ ಅದು!” ಮೇಸ್ತ್ರಿ ಕೂಗಿಕೊಂಡರು.

ಅಡಿಗೆಮನೆಯ ಬಾಗಿಲಲ್ಲಿದ್ದ ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು. ಅವಳು ಮಡಕಶಿರಾದವಳು, ತೆಲುಗು ಶಾಲೆಯಲ್ಲಿ ಓದಿದವಳು. ನನ್ನನ್ನು ಒಳಗೆ ಕರೆದು ಕೇಳಿದಳು:

“ಫೋನ್ನಾಗೆ ಏನಂದ್ರಿ ಅವರಿಗೆ?”

“ಗಾರೆ ಹಾಕ್ತೀವಿ ಬನ್ನಿ ಅಂದೆ.”

“ಅಯ್ಯೋ, ತೆಲುಗ್ನಾಗೆ ಸುಣ್ಣದ್ದು ಗಾರ ಕಣ್ರೀ. ಗಾರೆ ಅಂದ್ರೆ ಉದ್ದಿನ ವಡೆ! ನೀವು ವಡೆ ತಿನ್ನಾಕೆ ಕರ್ದಿದೀರ!”

ಒಂದು ಎತ್ವ. ಹೆಚ್ಚಾದದ್ದು ಅಷ್ಟೇ. ಮನೆಯ ಹಣೆಬರಹ ಬರೆಯುವ ಅಧಿಕಾರಿ ಖಾಲಿ ಹೊಟ್ಟೆಯಲ್ಲಿ, ತೊಳೆದ ಕೈಯಲ್ಲಿ, ಪಡಸಾಲೆಯಲ್ಲಿ ಕೂತಿದ್ದರು.

ಅವಳು ಅತ್ತಿತ್ತ ನೋಡಿದಳು. ಹಿತ್ತಿಲಲ್ಲಿ ಗಾರೆಗೆಂದು ಮೇಸ್ತ್ರಿ ಆಗಷ್ಟೇ ನೆನೆಹಾಕಿದ್ದ ಉದ್ದಿನ ಬೇಳೆ ಬೋಗುಣಿಯಲ್ಲಿತ್ತು. ಅದನ್ನೆತ್ತಿಕೊಂಡಳು.

“ಅವ್ವಾ, ಅದು ಮನೀ ಉದ್ದು!” ಮೇಸ್ತ್ರಿ ಹಿಂದೆಯೇ ಓಡಿದರು.

“ಇವ್ರಿಗೆ ಹಾಕ್ದೆ ಹೋದ್ರೆ ನಿಮಗೆ ಹಾಕಾಕೆ ಮನೇನೇ ಇರಲ್ಲ ಮೇಸ್ತ್ರಿ, ಸುಮ್ನಿರಿ!”

ಬೇಳೆ ನೆಂದದ್ದು ಅರ್ಧ ಗಂಟೆ. ಅದೆಷ್ಟು ರುಬ್ಬಿದರೂ ವಡೆಗಳು ಬೆಟ್ಟದ ಕಲ್ಲುಗಳ ವಂಶಕ್ಕೇ ಸೇರಿದ್ದವು. ಇಂಜಿನಿಯರು ಮರ್ಯಾದಸ್ಥರು, ನಾಲ್ಕು ತಿಂದರು. ಆಮೇಲೆ ದವಡೆ ನೀವಿಕೊಂಡು ಮಾಳಿಗೆ ಹತ್ತಿದರು. ಒಣಗಿದ ಮೂಲೆಯನ್ನು ಹಿಮ್ಮಡಿಯಿಂದ ಗುದ್ದಿದರು, ಕಬ್ಬಿಣದ ಸಲಾಕೆಯಿಂದ ಕುಟ್ಟಿದರು, ನಾಲ್ಕು ಕೊಡ ನೀರು ಹೊಯ್ಯಿಸಿ ಕೆಳಗೆ ಬಂದು ಸೂರು ನೋಡಿದರು. ಒಂದು ಹನಿ ಇಳಿಯಲಿಲ್ಲ. ಡೈರಿಯಲ್ಲಿ ಏನೋ ಗೀಚಿಕೊಂಡು ಹೋದರು.

ಹದಿನೈದು ದಿನಕ್ಕೆ ಕಾಗದ ಬಂತು. ತೆಲುಗಿನಲ್ಲಿತ್ತು. ಹೆಂಡತಿಯೇ ಒಡೆದು ಓದಿದಳು. ಕಟ್ಟಡ ವಾಸಕ್ಕೆ ಯೋಗ್ಯವಾಗಿದೆ. ಕೆಡವುವ ಅಗತ್ಯವಿಲ್ಲ. ನಾನು ಕಂಬಕ್ಕೆ ಒರಗಿ ಕೂತೆ. ಅವಳ ಮುಖ ಮಾತ್ರ ಕೆಂಪಾಗಿತ್ತು.

“ಕೊನೇ ಸಾಲು ನೋಡಿದ್ರಾ? ‘ಗಾರೆ ಚಾಲಾ ಗಟ್ಟಿಗಾ ಉಂದಿ.’ ಗಾರೆ ಬಹಳ ಗಟ್ಟಿ ಐತಂತೆ! ಸರ್ಕಾರಿ ಕಾಗದದಾಗೆ ಬರೀಬೇಕಿತ್ತಾ ಇದನ್ನ?”

“ಅದು ಮಾಳಿಗೆಯ ವಿಷಯ. ಹೊಗಳಿದ್ದಾರೆ.”

“ಮಾಳಿಗೆ ವಿಷ್ಯ ಆದ್ರೆ ‘ಗಾರ’ ಅಂತ ಬರೀತಿದ್ರು.” ಅವಳು ರಕಾರದ ನೆತ್ತಿಯ ಮೇಲೆ ಬೆರಳಿಟ್ಟಳು. “ಇದೇನು ಮತ್ತೆ?”

ಕನ್ನಡಕ ಹಾಕಿಕೊಂಡು ನೋಡಿದೆ. ಎತ್ವ. ಅನುಮಾನವೇ ಇರಲಿಲ್ಲ.

“ಹೋಗಿ ತಿದ್ದಿಸ್ಕೊಂಡ್ ಬರ್ರಿ,” ಅಂದಳು.

“ತಿದ್ದಬೇಕಾದರೆ ಅವರು ಮತ್ತೆ ಮನೆಗೆ ಬಂದು ಪರೀಕ್ಷೆ ಮಾಡಬೇಕಾಗುತ್ತೆ.”

ಅವಳು ಕಾಗದವನ್ನು ಮಡಿಸಿಟ್ಟಳು.

“ಬರ್ಲಿ. ಈ ಸಲ ಹಿಂದಿನ ದಿನಾನೇ ನೆನೆಹಾಕಿರ್ತೀನಿ.”