ಫ್ರಿಜ್ಜು ಶಾಕ್ ಹೊಡೆಯುತ್ತದೆ ಎಂದರೆ ಯಾರೂ ನಂಬಲಿಲ್ಲ

ಪ್ರತಿಯೊಂದು ಮನೆಯಲ್ಲೂ ಯಾರೂ ನಂಬದ ಮನುಷ್ಯನೊಬ್ಬ ಇರುತ್ತಾನೆ. ಅವನು ಸುಳ್ಳುಗಾರನೇ ಆಗಿರಬೇಕೆಂದಿಲ್ಲ. ಒಂದೇ ಮಾತನ್ನು ಹಲವು ಸಲ ಹೇಳಿದವನಾಗಿದ್ದರೆ ಸಾಕು. ನಮ್ಮ ಮನೆಯಲ್ಲಿ ಆ ಜಾಗ ನನ್ನದು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಎಂದು ಸುತ್ತಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡಿ, ನಿವೃತ್ತನಾಗಿ ಜಗಳೂರಿನ ಸ್ವಂತ ಮನೆಗೆ ಬಂದು ಕೂತವನು ನಾನು. ತಲೆಗೂದಲಿಗೆ ಬಾಚಣಿಗೆ ಉಜ್ಜಿ ಕಾಗದದ ಚೂರುಗಳನ್ನು ಎಳೆದು ತೋರಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಈಗ ಉಜ್ಜಲು ಕೂದಲಿಲ್ಲ, ಆ ಮಾತು ಬೇರೆ. ಒಂದು ಸೆಲ್ಲು, ಒಂದು ಪುಟ್ಟ ಬಲ್ಬು, ಎರಡು ತುಂಡು ತಂತಿ ಹಿಡಿದು, ದಾರಿ ಪೂರ್ತಿಯಾದರೆ ಮಾತ್ರ ಕರೆಂಟು ಹರಿಯುತ್ತದೆ ಎಂದು ಎಷ್ಟು ಮಕ್ಕಳಿಗೆ ಹೇಳಿಕೊಟ್ಟೆನೋ. ಅಂಥವನಿಗೆ ಸ್ವಂತ ಅಡುಗೆಮನೆಯ ಫ್ರಿಜ್ಜೇ ಶಾಕ್ ಹೊಡೆಯತೊಡಗಿತು.

ಮಳೆಗಾಲದ ಒಂದು ಬೆಳಗ್ಗೆ ಹಾಲು ತೆಗೆಯಲು ಫ್ರಿಜ್ಜಿನ ಸ್ಟೀಲ್ ಹಿಡಿಕೆ ಮುಟ್ಟಿದೆ. ಮೊಣಕೈವರೆಗೂ ಜುಮ್ಮೆಂದಿತು. ಹೆಂಡತಿ ಶಾರದೆಯನ್ನು ಕರೆದೆ. ಅವಳು ಬಂದು ಹಿಡಿಕೆ ಹಿಡಿದು, ಬಾಗಿಲು ತೆಗೆದು, ಮುಚ್ಚಿ, ನನ್ನ ಮುಖ ನೋಡಿದಳು. ಅವಳಿಗೇನೂ ಆಗಲಿಲ್ಲ. ಹಿಮ್ಮಡಿ ನೋವಿನಿಂದಾಗಿ ಅವಳು ಮನೆಯೊಳಗೂ ದಪ್ಪ ರಬ್ಬರ್ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಾಳೆ. ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮಗ ಮಂಜುವೂ ಚಪ್ಪಲಿ ಬಿಡುವವನಲ್ಲ. ಅಡುಗೆಮನೆಗೆ ಬರಿಗಾಲಲ್ಲಿ ಹೋಗಬೇಕೆಂದು ನಮ್ಮವ್ವ ಕಲಿಸಿದ್ದನ್ನು ಪಾಲಿಸುತ್ತಿದ್ದವನು ನಾನೊಬ್ಬನೇ. ಹಾಗಾಗಿ ದಾರಿ ಪೂರ್ತಿಯಾಗುತ್ತಿದ್ದುದೂ ನನ್ನ ಮೈಯಲ್ಲಿ ಮಾತ್ರ. ಇದನ್ನು ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದೆ. ಚಪ್ಪಲಿ ಬಿಟ್ಟು ಮುಟ್ಟಿ ನೋಡಿ ಎನ್ನಲು ನನಗೆ ಮನಸ್ಸು ಬರಲಿಲ್ಲ. ಅವರಾಗಿ ಬಿಡಲೂ ಇಲ್ಲ.

ಮಂಜು ನನ್ನ ಪಾಠವನ್ನೇ ನನಗೆ ತಿರುಗಿಸಿದ. "ಅಪ್ಪಾಜಿ, ನೀವು ಹಾಕ್ಕೊಳ್ಳೋದು ಪಾಲಿಯೆಸ್ಟರ್ ಜುಬ್ಬ. ಮೈಗೆ ಉಜ್ಜಿ ಉಜ್ಜಿ ಚಾರ್ಜ್ ಆಗೈತೆ. ಅದು ಸ್ಟ್ಯಾಟಿಕ್ಕು, ನೀವೇ ಹೇಳಿಕೊಟ್ಟಿದ್ದು." ಈ ತೇವದ ಹವೆಯಲ್ಲಿ ಸ್ಥಿರ ವಿದ್ಯುತ್ತು ಮೈಮೇಲೆ ನಿಲ್ಲುವುದಿಲ್ಲ, ನಿಂತರೂ ಚಟ್ಟೆಂದು ಒಂದು ಏಟು ಹಾಕಿ ಮುಗಿಸುತ್ತದೆ, ಇದು ಹಾಗಲ್ಲ, ಬಯ್ಯಲು ಕೂತವರ ಹಾಗೆ ನಿಲ್ಲಿಸುವುದೇ ಇಲ್ಲ ಎಂದೆ. ಆ ಮಾತು ತನಗೇ ಅಂದದ್ದೆಂದು ತಿಳಿದು ಶಾರದೆ ಎದ್ದು ಹೋದಳು. ಟೆಸ್ಟರ್ ತಂದು ಹಚ್ಚಿದೆ, ಅದರ ದೀಪ ಹತ್ತಿತು. ಈಗಿನ ಟೆಸ್ಟರುಗಳು ಯಾವುದಕ್ಕೆ ಹಚ್ಚಿದರೂ ಉರಿಯುತ್ತವೆ ಎಂದ ಮಗ. ಎಲೆಕ್ಟ್ರಿಷಿಯನ್‌ನನ್ನು ಕರೆಸಿದರೆ ಅವನು ಬರುವ ಹೊತ್ತಿಗೆ ಊರಿಗೇ ಕರೆಂಟಿರಲಿಲ್ಲ. ಅವನು ಫ್ರಿಜ್ಜನ್ನು ಸುತ್ತಲೂ ತಟ್ಟಿ, ಎಲ್ಲಾ ಸರಿ ಐತೆ ಸರ್ ಎಂದು ಹೇಳಿ, ಟೀ ಕುಡಿದು ಹೋದ. ನಾನು ಪ್ಲಗ್ ಕಿತ್ತಿಡುವುದು, ಹಾಲು ಕೆಡುವುದು, ಶಾರದೆ ಮತ್ತೆ ಚುಚ್ಚುವುದು, ಹೀಗೆ ಕೆಲವು ದಿನ ನಡೆಯಿತು.

ಕೊನೆಗೆ ಅವರಿಬ್ಬರೂ ಫ್ರಿಜ್ಜನ್ನು ಬಿಟ್ಟು ನನ್ನನ್ನು ರಿಪೇರಿಗೆ ಕರೆದೊಯ್ದರು. ಡಾಕ್ಟರು ಈ ವಯಸ್ಸಿಗೆ ಕೈಕಾಲು ಜುಮ್ಮೆನ್ನುವುದು ಸಹಜ, ನರದ ದೌರ್ಬಲ್ಯ ಎಂದು ಮಾತ್ರೆ ಬರೆದುಕೊಟ್ಟರು. ಸಿಟ್ಟಿನಿಂದಲೇ ನುಂಗತೊಡಗಿದೆ. ಅಷ್ಟರಲ್ಲಿ ಮಳೆ ನಿಂತು, ಜಗಳೂರಿನ ಬಿಸಿಲು ಬಿದ್ದು, ಅಡುಗೆಮನೆಯ ನೆಲ ಒಣಗಿತು. ಶಾಕೂ ಕಡಿಮೆಯಾಯಿತು. ಒಣಗಿದ ನೆಲ ಕರೆಂಟಿಗೆ ಸುಲಭವಾಗಿ ದಾರಿ ಕೊಡುವುದಿಲ್ಲ ಎಂದು ಜೀವಮಾನವಿಡೀ ಪಾಠ ಮಾಡಿದ ನನಗೂ, ಮಾತ್ರೆ ಕೆಲಸ ಮಾಡಿತೇನೋ ಅನ್ನಿಸಿಬಿಟ್ಟಿತು. ಮನೆಯವರೆಲ್ಲ ನಂಬಿದ್ದನ್ನು ಒಬ್ಬನೇ ನಂಬದೆ ಕೂರುವುದು ಬಲು ಆಯಾಸದ ಕೆಲಸ.

ನನ್ನ ನರದ ಸುದ್ದಿ ಕೇಳಿ ಸೊಕ್ಕೆ ಹಳ್ಳಿಯಿಂದ ಅಕ್ಕ ಗೌರಕ್ಕ ನೋಡಲು ಬಂದಳು. ಶಾರದೆ ಆಗಷ್ಟೇ ಅಡುಗೆಮನೆ ಒರೆಸಿದ್ದಳು. ಅಕ್ಕ ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ನನಗೆಂದು ತಂದಿದ್ದ ಬೆಣ್ಣೆಯ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಲು ನೆಟ್ಟಗೆ ಒಳಗೆ ಹೋದಳು. ನಾನು ಅವಳ ಹಿಂದೆಯೇ ಮಾತಾಡುತ್ತ ಬಾಗಿಲವರೆಗೆ ಬಂದಿದ್ದೆ. ಅವಳು ಒದ್ದೆ ಕೈಯಲ್ಲಿ ಹಿಡಿಕೆ ಹಿಡಿದಳು. ಆಮೇಲೆ ಬಿಡಲಿಲ್ಲ. ಕರೆಂಟು ಕೈಯ ಸ್ನಾಯುಗಳನ್ನು ಬಿಗಿದುಬಿಡುತ್ತದೆ, ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಡಬ್ಬಿ ಉರುಳಿತು. ಕೂಗಲೂ ಆಗದೆ ಅವಳ ಗಂಟಲಿನಿಂದ ಒಂದು ತೆಳ್ಳಗಿನ ಸದ್ದು ಬರುತ್ತಿತ್ತು. ಎಳೆದುಕೊಳ್ಳಲು ಶಾರದೆ ನುಗ್ಗಿದಳು. ಮುಟ್ಟಬೇಡ ಎಂದು ಅವಳನ್ನು ಹಿಂದಕ್ಕೆ ದೂಡಿ, ವರಾಂಡಕ್ಕೆ ಓಡಿ ಮೇನ್ ಸ್ವಿಚ್ ಕೆಳಗೆಳೆದೆ. ಅಕ್ಕ ಬಿದ್ದ ಸದ್ದು ಅಲ್ಲಿಗೇ ಕೇಳಿಸಿತು.

ಉಸಿರಾಡುತ್ತಿರಲಿಲ್ಲ. ಮಕ್ಕಳಿಗೆ ದಿಂಬಿನ ಮೇಲೆ ಮಾಡಿ ತೋರಿಸುತ್ತಿದ್ದ ಹಾಗೆ ಅಕ್ಕನ ಎದೆಯನ್ನು ಒತ್ತುತ್ತಲೇ ಇದ್ದೆ. ಒತ್ತುವಾಗ ಪಕ್ಕೆಲುಬು ಲಟಕ್ಕೆನ್ನುತ್ತದೆ ಎಂದು ನಾನು ಪಾಠದಲ್ಲಿ ಯಾರಿಗೂ ಹೇಳಿರಲಿಲ್ಲ. ಮಂಜು ಕಾರು ತರುವ ಹೊತ್ತಿಗೆ ಅವಳು ಒಮ್ಮೆ ಜೋರಾಗಿ ಉಸಿರೆಳೆದಳು. ದಾವಣಗೆರೆಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ಅದೇ ಎಲೆಕ್ಟ್ರಿಷಿಯನ್ ಮತ್ತೆ ಬಂದು ಸ್ವಿಚ್ ಬೋರ್ಡು ಬಿಚ್ಚಿದ. ಫ್ರಿಜ್ಜಿನ ಒಳಗೆಲ್ಲೋ ತಂತಿಯ ಹೊದಿಕೆ ಹರಿದು ಮೈಗೆ ತಗುಲಿತ್ತು. ಹಾಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ, ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ, ಬರೀ ತೂತು. ಬಹಳ ಮನೆಗಳಲ್ಲಿ ಹಿಂಗೇ ಐತೆ ಸರ್ ಎಂದ ಅವನು, ತಲೆ ಎತ್ತದೆ.

ಆಮೇಲೆ ನನಗೆ ಒಳ್ಳೆಯ ದಿನಗಳು ಬಂದವು ಎಂದರೆ ನೀವು ಬಯ್ಯಬೇಡಿ. ಶಾರದೆ ಮಾತ್ರೆಗಳನ್ನು ತಿಪ್ಪೆಗೆ ಎಸೆದಳು. ಆಸ್ಪತ್ರೆಗೆ ಬಂದ ನೆಂಟರಿಗೆಲ್ಲ ಮಂಜು, ನಮ್ಮ ಅಪ್ಪಾಜಿ ಮೊದಲೇ ಹೇಳಿದ್ರು ಎನ್ನುತ್ತಿದ್ದ. ನಾನು ಬೆಂಚಿನ ಮೇಲೆ ಬೆರಳಿನಿಂದ ಗೆರೆ ಎಳೆದು ಫ್ರಿಜ್ಜು, ಕೈ, ಕಾಲು, ನೆಲ ಎಂದು ದಾರಿ ತೋರಿಸುತ್ತಿದ್ದೆ. ನಿವೃತ್ತನಾದ ಮೇಲೆ ಅಷ್ಟು ಗಮನವಿಟ್ಟು ನನ್ನ ಪಾಠ ಕೇಳಿದವರಿರಲಿಲ್ಲ.

ಎಲ್ಲರೂ ಊಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಅಕ್ಕನಿಗೆ ಕಿತ್ತಳೆ ಸುಲಿಯುತ್ತ ಕೂತಿದ್ದೆ. ಅವಳು ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ನನ್ನತ್ತ ತಿರುಗಿದಳು.

"ತಮ್ಮಾ, ಒಂದು ಮಾತು. ನಾನು ಅಂಟಿಕೊಂಡು ಒದ್ದಾಡೋವಾಗ, ಓಡಾಕೆ ಮುಂಚೆ ನೀನು ಶಾರದೆ ಕಡೆ ನೋಡಿ ನಕ್ಕೆ ಅಲ್ವೇನೋ?"

ಗಾಬರಿಯಾದಾಗ ಮುಖದ ಸ್ನಾಯುಗಳು ಬಿಗಿದು ನಕ್ಕ ಹಾಗೆ ಕಾಣುವುದುಂಟು. ಅದನ್ನು ವಿವರಿಸಬಹುದಿತ್ತು. ಅಕ್ಕ ನನ್ನ ಉತ್ತರಕ್ಕೆ ಕಾಯಲಿಲ್ಲ.

"ಹೋಗ್ಲಿ ಬಿಡು. ಅಷ್ಟು ದಿನದಿಂದ ಒಬ್ರೂ ನಂಬಿರಲಿಲ್ಲ ನಿನ್ನ" ಎಂದು ಎಡಗೈ ಚಾಚಿದಳು. ನಾನು ಅದರಲ್ಲಿ ಒಂದು ತೊಳೆ ಇಟ್ಟೆ.