ಹತ್ತು ನಿಮಿಷ ಮುಂದಿಟ್ಟ ಗಡಿಯಾರ

ಸಮಯಪಾಲನೆಯಲ್ಲಿ ನನ್ನನ್ನು ಮೀರಿಸುವವರು ಉತ್ತರ ಬೆಂಗಳೂರಿನಲ್ಲಿ ಯಾರೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಆರ್.ಟಿ. ನಗರದ ನಮ್ಮ ಮನೆಯ ಗೋಡೆ ಗಡಿಯಾರವನ್ನು ಮದುವೆಯಾದ ಹೊಸತರಲ್ಲೇ ಹತ್ತು ನಿಮಿಷ ಮುಂದಿಟ್ಟವನು ನಾನು. ಅದು ಎಂಟು ತೋರಿಸಿದರೆ ಎಂಟಾಗಲು ಇನ್ನೂ ಹತ್ತು ನಿಮಿಷವಿದೆ ಎಂದು ಅರ್ಥ. ಆ ಹತ್ತು ನಿಮಿಷದಲ್ಲಿ ಎರಡನೇ ಕಾಫಿ ಕುಡಿದು, ಪೇಪರಿನ ಕ್ರೀಡಾಪುಟ ಮುಗಿಸಿ, ನಿರಾತಂಕವಾಗಿ ಸ್ಕೂಟರ್ ಹತ್ತುತ್ತೇನೆ. ಇಷ್ಟಾದರೂ ಯಲಹಂಕದ ಶಾಲೆಗೆ ದಿನವೂ ತಡವಾಗುತ್ತದೆ. ಅದಕ್ಕೆ ಕಾರಣ ಹೆಬ್ಬಾಳದ ಫ್ಲೈಓವರ್. ನಾನಲ್ಲ!

ಇಂಥ ನನ್ನನ್ನೇ ಪ್ರಿನ್ಸಿಪಾಲ್ ಮೇಡಂ ಆ ಕಾರ್ಯಾಗಾರಕ್ಕೆ ಕಳಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಎ.ಡಿ.ಎಚ್.ಡಿ., ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇರುವ ಮಕ್ಕಳಿಗೆ ಶಾಲೆಯಲ್ಲಿ ಸಮಯ ನಿಭಾಯಿಸಲು ಹೇಗೆ ನೆರವಾಗಬೇಕು ಎಂಬುದು ಅಲ್ಲಿಯ ವಿಷಯ. ಹೋಗುವಾಗ ಫ್ಲೈಓವರ್ ಮೇಲೆ ಸಿಕ್ಕಿಕೊಂಡು ಮೊದಲ ಭಾಗ ತಪ್ಪಿತು. ಬರುವಾಗಲೂ ಸಿಕ್ಕಿಕೊಳ್ಳಬಾರದೆಂದು ಕೊನೆಯ ಭಾಗಕ್ಕೆ ಮುಂಚೆಯೇ ಎದ್ದು ಬಂದೆ. ನಡುವಿನ ಭಾಗದಲ್ಲಿ ಊಟವಿತ್ತು. ಊಟ ಚೆನ್ನಾಗಿತ್ತು.

ಮರುದಿನದಿಂದ ನಾನು ತಜ್ಞ!

ನನ್ನ ಒಂಬತ್ತನೇ ತರಗತಿಯಲ್ಲಿ ಪ್ರಣತಿ ಎಂಬ ಹುಡುಗಿ ಇದ್ದಳು. ರಾಜಾನುಕುಂಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಲೆಕ್ಕದಲ್ಲಿ ಬಲು ಚುರುಕು. ಬೋರ್ಡಿನ ಮೇಲೆ ನಾನು ತಪ್ಪು ಮಾಡಿದರೆ ಮೊದಲು ಕೈ ಎತ್ತುವವಳು ಅವಳೇ, ಅದೊಂದು ಕೆಟ್ಟ ಅಭ್ಯಾಸ. ಆದರೆ ಹೊತ್ತಿನ ಅಂದಾಜು ಮಾತ್ರ ಅವಳಿಗೆ ಸಿಗುತ್ತಿರಲಿಲ್ಲ. ಒಂದು ಲೆಕ್ಕ ಹಿಡಿಸಿತೆಂದರೆ ಅದನ್ನೇ ಮೂರು ವಿಧದಲ್ಲಿ ಬಿಡಿಸುತ್ತಾ ಕೂರುವಳು. ಕಿಟಕಿಯಾಚೆ ಪುಟ್ಟೇನಹಳ್ಳಿ ಕೆರೆಯ ಮೇಲೆ ಹಕ್ಕಿ ಹಾರಿದರೆ ಮನಸ್ಸು ಅದರ ಹಿಂದೆಯೇ ಹೊರಟುಬಿಡುತ್ತಿತ್ತು. ಪ್ರಶ್ನೆಪತ್ರಿಕೆಯ ಕೊನೆಯ ಪುಟ ಮುಟ್ಟಿದ್ದೇ ಅಪರೂಪ. ಅವಳಿಗೆ ಎ.ಡಿ.ಎಚ್.ಡಿ. ಇದೆ ಎಂದು ವೈದ್ಯರು ಹೇಳಿದ್ದರು.

ನಮ್ಮ ಶಾಲೆಯ ಗೇಟಿನ ಮೇಲೆ ‘ಹತ್ತನೇ ತರಗತಿ: ನೂರಕ್ಕೆ ನೂರು ಫಲಿತಾಂಶ’ ಎಂಬ ಬ್ಯಾನರ್ ಸದಾ ತೂಗುತ್ತಿರುತ್ತದೆ. ಆ ನೂರು ಬರುವ ವಿಧಾನ ಬಹಳ ಸರಳ. ಒಂಬತ್ತರಲ್ಲೇ ಫೇಲಾದವರ ಅಪ್ಪ ಅಮ್ಮನನ್ನು ಕರೆಸಿ, ಗೌರವದಿಂದ ಕೂರಿಸಿ, ಕಾಫಿ ಕೊಟ್ಟು, ಜೊತೆಗೆ ಟಿ.ಸಿ. ಕೊಟ್ಟು ಕಳಿಸುವುದು. ಈ ಸಲದ ವಾರ್ಷಿಕ ಪರೀಕ್ಷೆಯಲ್ಲಿ ಪ್ರಣತಿ ಲೆಕ್ಕದಲ್ಲಿ ಫೇಲಾದರೆ ಅವಳ ಅಮ್ಮನಿಗೂ ಕಾಫಿ ಗ್ಯಾರಂಟಿ.

ಶಾಲೆಯ ಕೌನ್ಸೆಲರ್ ಶಾಲಿನಿ ನನ್ನನ್ನು ಸ್ಟಾಫ್‌ರೂಮಿನಲ್ಲಿ ಹಿಡಿದರು.

“ಸರ್, ಪ್ರಣತಿಗೆ ಪರೀಕ್ಷೇಲಿ ಸ್ವಲ್ಪ ಹೆಚ್ಚು ಸಮಯ ಕೊಡಿಸ್ಬಹುದು. ಕ್ಲಾಸ್ ಟೀಚರ್ ನೀವು. ಪ್ರಿನ್ಸಿಪಾಲ್ ಹತ್ರ ಒಂದು ಮಾತು ಹೇಳಿದ್ರೆ ಸಾಕು.”

“ಹೆಚ್ಚು ಸಮಯ ಯಾಕ್ರೀ? ಇರೋ ಸಮಯದಲ್ಲೇ ಮುಗಿಸೋ ಹಾಗೆ ಮಾಡ್ತೀನಿ. ಟ್ರೈನಿಂಗ್ ಆದವನು ನಾನು!”

“ಟ್ರೈನಿಂಗಲ್ಲೂ ಇದನ್ನೇ ಹೇಳಿರ್ತಾರಲ್ಲ ಸರ್? ಕೊನೇ ಸೆಷನ್‌ನಲ್ಲಿ?”

ನಾನು ಗಂಭೀರವಾಗಿ ತಲೆಯಾಡಿಸಿದೆ.

ಮೊದಲಿಗೆ ವೇಳಾಪಟ್ಟಿ. ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಗೆರೆ ಎಳೆದುಕೊಟ್ಟು, “ಬಣ್ಣ ಹಚ್ಕೊಂಡು ಬಾ, ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣ” ಎಂದೆ. ಪ್ರಣತಿ ಹಚ್ಚಿಕೊಂಡು ಬಂದಳು. ಒಂದೊಂದು ಪೀರಿಯಡ್ಡಿಗೆ ಕೆರೆಯ ಒಂದೊಂದು ಹಕ್ಕಿ, ಸುತ್ತ ಬಳ್ಳಿಯ ಅಂಚು! ಸ್ಟಾಫ್‌ರೂಮಿನವರೆಲ್ಲ ಬಂದು ನೋಡಿ ಹೊಗಳಿದರು.

“ಇದನ್ನ ಮಾಡೋದ್ರಲ್ಲಿ ಸೈನ್ಸ್ ಹೋಂವರ್ಕ್ ಮರ್ತೇಹೋಯ್ತು ಸರ್,” ಎಂದಳು ಅವಳು.

ಅಂದಿನಿಂದ ವಿಜ್ಞಾನದ ಟೀಚರ್ ನನ್ನೊಡನೆ ಮಾತು ಬಿಟ್ಟರು.

ಆಮೇಲೆ ಟೈಮರ್. ನನ್ನ ಹೆಂಡತಿ ಸುಮಿತ್ರಾ ಟೊಮೆಟೊ ಆಕಾರದ್ದೊಂದು ಟೈಮರ್ ತಂದಿಟ್ಟುಕೊಂಡಿದ್ದಳು. ತಿರುಗಿಸಿಟ್ಟರೆ ಟಿಕ್ ಟಿಕ್ ಅಂದು, ಹೊತ್ತಾದಾಗ ಟ್ರಿಣ್ ಅನ್ನುವಂಥದ್ದು.

“ರೀ, ಅದು ಕೇಕ್‌ಗೆ ತಂದಿರೋದು ಕಣ್ರೀ.”

“ಒಂದು ಮಗುವಿನ ಭವಿಷ್ಯಕ್ಕಿಂತ ನಿನ್ನ ಕೇಕ್ ಹೆಚ್ಚಾಯ್ತಾ?”

“ಭವಿಷ್ಯಕ್ಕೆ ನೀವು ಕೈ ಹಾಕ್ತಿದ್ದೀರಲ್ಲ, ಅದೇ ಭಯ. ತಗೊಂಡ್ಹೋಗಿ. ವಾಪಸ್ ತರೋದು ಮರೀಬೇಡಿ.”

ಟೈಮರನ್ನು ಹುಡುಗಿಯ ಕಣ್ಣೆದುರಿಗೇ ಇಡಿ, ಹೊತ್ತು ಕರಗುವುದು ಅವಳಿಗೆ ಕಾಣಬೇಕು ಎಂದು ಶಾಲಿನಿ ಹೇಳಿದ್ದರು. ಈಗಾಗಲೇ ಹಲವು ಕೈಗಡಿಯಾರ ಕಳೆದವಳು ಪ್ರಣತಿ. ಸುಮಿತ್ರಾಳ ಟೊಮೆಟೊ ಕಳೆದರೆ ಮನೆಯಲ್ಲಿ ನನಗೆ ಅನ್ನ ಹುಟ್ಟುತ್ತದೆಯೇ? ಜಾಣನಾಗಿ ಅದನ್ನು ನನ್ನ ಜೇಬಿನಲ್ಲೇ ಇಟ್ಟುಕೊಂಡೆ. ಲೆಕ್ಕ ಅವಳದು, ಟಿಕ್ ಟಿಕ್ ನನ್ನದು. ಒಂದು ದಿನ ಹಾಗೆಯೇ ಮರೆತು ಸ್ಟಾಫ್ ಮೀಟಿಂಗಿಗೆ ಹೋದೆ. ಪ್ರಿನ್ಸಿಪಾಲ್ ಮೇಡಂ ಮೇಜು ಗುದ್ದಿ, “ಶಿಸ್ತು ಅಂದ್ರೆ ಏನು?” ಎಂದು ಕೇಳಿದರು.

ಟ್ರಿಣ್ಣ್ಣ್!

ಹೊರಗೆಳೆಯಲು ಹೋದರೆ ಜೇಬಿನ ಬಟ್ಟೆಗೆ ಸಿಕ್ಕಿಕೊಂಡು ಬರಲೊಲ್ಲದು. “ನಾಗೇಂದ್ರ ಅವ್ರೇ, ನಿಮ್ಮ ಅಡುಗೆ ಆಗಿರ್ಬೇಕು, ಹೋಗಿ ಇಳಿಸಿ ಬನ್ನಿ,” ಎಂದರು ಮೇಡಂ.

ಮಹಾತ್ಮರು ಸೋಲಿಗೆ ಹೆದರುವುದಿಲ್ಲ. ನನ್ನ ಬತ್ತಳಿಕೆಯಲ್ಲಿ ಕೊನೆಯ ಬಾಣವಿತ್ತು. ಪರೀಕ್ಷೆಗೆ ಕೆಲವು ದಿನ ಮುಂಚೆ, ಎಲ್ಲರೂ ಆಟಕ್ಕೆ ಹೋಗಿದ್ದಾಗ ಬೆಂಚು ಹತ್ತಿ ತರಗತಿಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟೆ. ಹೊತ್ತಾಯಿತೆಂದು ಹುಡುಗಿ ಬೇಗ ಬೇಗ ಬರೆಯುತ್ತಾಳೆ, ಬೇಗ ಮುಗಿಸುತ್ತಾಳೆ! ಇಳಿಯಲು ತಿರುಗಿದರೆ, ಊಟದ ಡಬ್ಬಿ ಮರೆತು ವಾಪಸ್ ಬಂದ ಪ್ರಣತಿ ಬಾಗಿಲಲ್ಲೇ ನಿಂತಿದ್ದಾಳೆ.

“ಮುಂದಿಡ್ತಿದ್ದೀರಾ ಸರ್? ನಮ್ಮಜ್ಜೀನೂ ಇಡ್ತಾರೆ. ಬೆಳಿಗ್ಗೆ ‘ಒತ್ತಾಯ್ತು, ಏಳೇ’ ಅಂತಾರೆ. ನಾನು ಹತ್ತು ನಿಮಿಷ ಕಳೆದು ಮತ್ತೆ ಮಲ್ಕೊತೀನಿ.”

ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. “ಯಾರಿಗೂ ಹೇಳ್ಬೇಡ,” ಎಂದೆ. ಮರುದಿನದ ಹೊತ್ತಿಗೆ ಇಡೀ ತರಗತಿ ಗಡಿಯಾರ ನೋಡಿ ಹತ್ತು ಕಳೆಯುತ್ತಿತ್ತು. ಮಕ್ಕಳ ಬಾಯಿಲೆಕ್ಕ ಸುಧಾರಿಸಿತಲ್ಲ ಎಂದು ಗಣಿತದ ಮೇಷ್ಟ್ರಾದ ನಾನು ಹಿಗ್ಗಿದೆ.

ಲೆಕ್ಕದ ಪರೀಕ್ಷೆಯ ದಿನ ನನಗೆ ಮೇಲಿನ ಮಹಡಿಯಲ್ಲಿ ಕೆಲಸ. ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಪ್ರಿನ್ಸಿಪಾಲ್ ಮೇಡಂ ಎಲ್ಲ ಕೋಣೆಗಳನ್ನೂ ಸುತ್ತಿ, ನಮ್ಮ ತರಗತಿಯ ಗಡಿಯಾರ ತಪ್ಪಿರುವುದನ್ನು ಕಂಡು ಸರಿಪಡಿಸಿಬಿಟ್ಟಿದ್ದರು. ಅದು ನನಗೆ ಗೊತ್ತಿಲ್ಲ. ಪ್ರಣತಿಗೂ ಗೊತ್ತಿಲ್ಲ. ಬೇರೆ ಮಕ್ಕಳ ಕೈಯಲ್ಲಿ ವಾಚು ಇತ್ತು. ಅವಳೊಬ್ಬಳು ಗೋಡೆ ನೋಡಿ, ಸರಿಯಾದ ಸಮಯದಿಂದ ಹತ್ತು ನಿಮಿಷ ಕಳೆದು, ನೆಮ್ಮದಿಯಾಗಿ ಬರೆದಳು. ಎಚ್ಚರಿಕೆಯ ಗಂಟೆ ಹೊಡೆದದ್ದು ಅವಳ ಕಿವಿಗೆ ಬೀಳಲಿಲ್ಲ. ಬರೆಯುವುದರಲ್ಲಿ ಮುಳುಗಿದರೆ ಅವಳ ಕಿವಿ ಬಂದ್.

ಕೊನೆಯ ಗಂಟೆ ಹೊಡೆದ ಮೇಲೆ ನಾನು ಕೆಳಗಿಳಿದು ಬಂದೆ. ಕೋಣೆ ಖಾಲಿಯಾಗಿತ್ತು. ಪ್ರಣತಿ ಜಾಗ ಬಿಟ್ಟು ಎದ್ದಿರಲಿಲ್ಲ. ಪಕ್ಕದಲ್ಲಿ ಅವಳ ಪೇಪರ್ ಹಿಡಿದು ಶಾಲಿನಿ ನಿಂತಿದ್ದರು. ಆ ಕೋಣೆಯ ಮೇಲ್ವಿಚಾರಣೆ ಅವರದೇ ಆಗಿತ್ತು. ಕೊನೆಯ ಪುಟ ಪೂರ್ತಿ ಖಾಲಿ.

“ಸರ್, ಇನ್ನೂ ಹತ್ತು ನಿಮಿಷ ಇತ್ತಲ್ವಾ?” ಎಂದಳು ಪ್ರಣತಿ. “ನಾನು ಕಳೆಯೋದ್ರಲ್ಲಿ ತಪ್ ಮಾಡಿದ್ನಾ?”

ಗೋಡೆಯ ಗಡಿಯಾರ ನೋಡಿದೆ; ಗಂಟೆ ಹೊಡೆದ ಸಮಯವನ್ನೇ ಅದು ಸರಿಯಾಗಿ ತೋರಿಸುತ್ತಿತ್ತು. ಕಳೆಯುವುದರಲ್ಲಿ ಅವಳು ತಪ್ಪು ಮಾಡಿರಲಿಲ್ಲ. ಅವಳಿಗೆ ಸಿಗಬೇಕಾಗಿದ್ದ ಹೆಚ್ಚಿನ ಸಮಯವನ್ನು ಕೊಡಿಸದೆ, ಇದ್ದ ಸಮಯವನ್ನೂ ಕಿತ್ತುಕೊಂಡವನು ನಾನು. ಆ ಟಿ.ಸಿ. ಈಗ ಕಣ್ಣೆದುರಿಗೇ ಇತ್ತು.

ಶಾಲಿನಿಯವರ ಜೊತೆ ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ಮೇಡಂ ಕೆಂಡವಾಗಿದ್ದರು.

“ಯಾವನೋ ಕಿಡಿಗೇಡಿ ಗಡಿಯಾರ ಮುಂದಿಟ್ಟಿದ್ದಾನೆ ಕಣ್ರೀ! ಯಾರು ಅಂತ ಗೊತ್ತಾಗ್ಲಿ, ಟಿ.ಸಿ. ಕೊಟ್ಟು ಮನೆಗೆ ಕಳಿಸ್ತೀನಿ!”

“ಮೇಡಂ,” ಎಂದೆ. “ಆ ಟಿ.ಸಿ. ನನ್ ಹೆಸರಿಗೇ ಬರೀಬೇಕಾಗುತ್ತೆ.”

ಮುಂದಿನದನ್ನು ವಿವರವಾಗಿ ಹೇಳುವ ಶಕ್ತಿ ನನಗಿಲ್ಲ. ಮೇಡಂ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಶಾಲಿನಿ ಮೆತ್ತಗೆ ಹೇಳಿದರು: “ಹುಡುಗಿ ಇನ್ನೂ ಕೋಣೆಯಿಂದ ಹೊರಗೆ ಹೋಗಿಲ್ಲ ಮೇಡಂ. ಪೇಪರ್ ನನ್ ಕೈಲೇ ಇದೆ. ಹೆಚ್ಚು ಸಮಯ ಅವಳಿಗೆ ಮೊದ್ಲೇ ಸಿಗಬೇಕಿತ್ತು. ಈಗ್ಲಾದ್ರೂ ಕೊಡೋಣ.”

ಮೇಡಂ ಒಪ್ಪಿದರು. “ನಾಗೇಂದ್ರ ಅವ್ರು ಪಕ್ಕದಲ್ಲಿ ಕೂತಿರ್ಲಿ. ಏನೂ ಮಾಡ್ಬಾರ್ದು. ಸುಮ್ನೆ ಕೂತಿರ್ಲಿ!”

ಪ್ರಣತಿಯನ್ನು ಲೈಬ್ರರಿಯಲ್ಲಿ ಕೂರಿಸಿದೆವು. ಶಾಲಿನಿ ನನ್ನತ್ತ ಕೈ ಚಾಚಿದರು. ಜೇಬಿನಿಂದ ಟೊಮೆಟೊ ತೆಗೆದು ಕೊಟ್ಟೆ. ಕೊನೆಗೂ ಅದು ಹುಡುಗಿಯ ಕಣ್ಣೆದುರು ಮೇಜಿನ ಮೇಲೆ ಕೂತಿತು. ಪ್ರಣತಿ ತಾನೇ ಅದನ್ನು ತಿರುಗಿಸಿ ಬರೆಯತೊಡಗಿದಳು. ಒಂದು ಲೆಕ್ಕ, ಒಮ್ಮೆ ಟೊಮೆಟೊ ಕಡೆ ನೋಟ, ಮತ್ತೊಂದು ಲೆಕ್ಕ. ನಾನು ಅತ್ಯಂತ ಎಚ್ಚರಿಕೆಯಿಂದ ಕಾವಲು ಕೂತೆ.

ಟ್ರಿಣ್ಣ್ಣ್!

“ಸರ್, ಏಳಿ. ಟೈಮ್ ಆಯ್ತು,” ಎಂದಳು ಪ್ರಣತಿ. “ಮುಗೀತು. ಇನ್ನೊಂದ್ಸಲ ಚೆಕ್ಕೂ ಮಾಡ್ದೆ. ನೀವು ಗೊರಕೆ ಹೊಡೀತಿದ್ರಿ, ಎಬ್ಬಿಸ್ಲಿಲ್ಲ.”

ಅವಳು ಪಾಸಾದಳು. ಬರೀ ಪಾಸಲ್ಲ, ಒಳ್ಳೆಯ ಅಂಕಗಳೇ ಬಂದವು. ಫಲಿತಾಂಶದ ದಿನ ಅವಳ ಅಮ್ಮ ಸೆರಗಿನ ಅಂಚು ಹಿಂಡುತ್ತಾ ಪ್ರಿನ್ಸಿಪಾಲರ ಕೋಣೆಗೆ ಹೋದರು. ಅವರಿಗೆ ಕಾಫಿ ಮಾತ್ರ ಸಿಕ್ಕಿತು. ನನಗೆಷ್ಟು ಸಂತೋಷವಾಯಿತೆಂದರೆ, ಮನೆಗೆ ಬಂದವನೇ ಸುಮಿತ್ರಾಳಿಗೆ ಟೈಮರ್ ಒಪ್ಪಿಸಿ, ಎಲ್ಲವನ್ನೂ ಹೇಳಿ ನಗತೊಡಗಿದೆ.

“ಅಲ್ವೇ, ಗಡಿಯಾರ ಸರಿಯಾಗೇ ಇದೆ! ಪಾಪ ಆ ಹುಡುಗಿ ಮುಂದಿದೆ ಅಂದ್ಕೊಂಡು ಹತ್ತು ನಿಮಿಷ ಕಳೀತಾ ಕೂತಿದ್ಲು!”

ಸುಮಿತ್ರಾ ನಗಲಿಲ್ಲ. ನಮ್ಮ ಗೋಡೆಯತ್ತ ನೋಡಿದಳು.

“ರೀ, ಹೋದ ದಸರಾದಲ್ಲಿ ಧೂಳು ಹೊಡೆದು ಹೊಸ ಸೆಲ್ ಹಾಕಿದ್ನಲ್ಲ, ಆವಾಗ್ಲೇ ಅದಕ್ಕೆ ಸರಿಯಾದ ಟೈಮ್ ಇಟ್ಟೆ.”

“ಏನು! ಹೇಳ್ಬಾರ್ದಿತ್ತಾ?”

“ಹೇಳ್ದೆ. ನೀವು ಪೇಪರ್ ಓದ್ತಿದ್ರಿ.”

ಹೆಬ್ಬಾಳದ ಫ್ಲೈಓವರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಮರುದಿನ ಬೆಳಿಗ್ಗೆ, ನನಗೂ ದಿನಾ ಹತ್ತು ನಿಮಿಷ ಹೆಚ್ಚು ಸಮಯ ಕೊಡಿ ಎಂದು ಪ್ರಿನ್ಸಿಪಾಲ್ ಮೇಡಂ ಅವರನ್ನು ಕೈಮುಗಿದು ಕೇಳಲು ಹೋದೆ.

ನಾನು ಹೋಗುವಷ್ಟರಲ್ಲಿ ಅವರು ಮೀಟಿಂಗಿಗೆ ಹೊರಟುಹೋಗಿದ್ದರು.